‘ಓಕೆ’ ಎಂದು ಬರೆದ ಪೆಟ್ಟಿಗೆಗಳು

ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಒಳಗೆ ತಿರುಗಿದರೆ, ಎರಡು ಸ್ಕೂಟರು ಎದುರಾದಾಗ ಒಂದು ಹಿಂದೆ ಸರಿಯಲೇಬೇಕಾದಂಥ ಗಲ್ಲಿ. ಅಲ್ಲೊಂದು ಮಹಡಿಯ ಮೇಲೆ ಆ ಕೋಣೆ. ಕಾರಿನ ಕೆಲಸದ ಜಾಗ ಅನ್ನುತ್ತಾರೆ, ಗ್ರೀಸಿನ ವಾಸನೆಯೇ ಇಲ್ಲ. ಬೆಸುಗೆಯ ಹೊಗೆಯ ವಾಸನೆ ಇದೆ. ಕಪಾಟಿನ ತುಂಬ ಊಟದ ಡಬ್ಬಿಯ ಗಾತ್ರದ ಅಲ್ಯೂಮಿನಿಯಂ ಪೆಟ್ಟಿಗೆಗಳು. ಒಂದೊಂದಕ್ಕೂ ಬಿಳಿ ಟೇಪು, ಟೇಪಿನ ಮೇಲೆ ದೂರು: ‘ಸ್ಟಾರ್ಟ್ ಇಲ್ಲ’, ‘ಮೂರನೇ ಕಾಯಿಲ್ ಫೈರ್ ಇಲ್ಲ’, ‘ನೀರು ಹೋಗಿದೆ’. ಕೆಲವು ಟೇಪುಗಳ ಕೊನೆಗೆ ಕೆಂಪು ಶಾಯಿಯಲ್ಲಿ ‘ಓಕೆ’ ಎಂದಿತ್ತು. ರಿಪೇರಿ ಮುಗಿದವು ಇರಬೇಕು ಅಂದುಕೊಂಡೆ. ಅಲ್ಲವಂತೆ. ಅವು ಬರುವಾಗಲೇ ಸರಿಯಾಗಿದ್ದವು.

“ಕೆಟ್ಟಿರೋದು ಕಾರು, ಪೆಟ್ಟಿಗೆಯಲ್ಲ. ಬಿಚ್ಚಿಕೊಂಡು ಬಂದವರಿಗೆ ಈ ಮಾತು ಹಿಡಿಸಲ್ಲ” ಎಂದರು ಮೇಸ್ತ್ರಿ, ಕನ್ನಡಕದ ಮೇಲಿನಿಂದ ನೋಡುತ್ತ.

ಈ ಪೆಟ್ಟಿಗೆಗೆ ಕಂಪನಿಯ ಪುಸ್ತಕದಲ್ಲಿ ಎಂಜಿನ್ ಕಂಟ್ರೋಲ್ ಮಾಡ್ಯೂಲ್ ಎಂದು ಹೆಸರು. ಗಲ್ಲಿಯಲ್ಲಿ ಇಸಿಎಂ, ಇಲ್ಲವೇ ಇಸಿಯು. ಕಾರ್ಬ್ಯುರೇಟರಿನ ಕಾಲದಲ್ಲಿ ಎಷ್ಟು ಪೆಟ್ರೋಲು ಹೋಗಬೇಕೆಂದು ತೀರ್ಮಾನಿಸುತ್ತಿದ್ದದ್ದು ಒಂದು ಹಿತ್ತಾಳೆಯ ತೂತು. ಅದನ್ನು ತಿದ್ದುತ್ತಿದ್ದದ್ದು ಮೇಸ್ತ್ರಿಯ ಕಿವಿ ಮತ್ತು ಸ್ಕ್ರೂಡ್ರೈವರು. ಜರ್ಮನಿಯ ಬಾಷ್ ಕಂಪನಿ 1967ರಲ್ಲಿ ಡಿ-ಜೆಟ್ರಾನಿಕ್ ಎಂಬ ವ್ಯವಸ್ಥೆಯಿಂದ ಪೆಟ್ರೋಲಿನ ಲೆಕ್ಕವನ್ನು ಎಲೆಕ್ಟ್ರಾನಿಕ್ಸಿಗೆ ಒಪ್ಪಿಸಿತು. 1979ರಲ್ಲಿ ಬಿಎಂಡಬ್ಲ್ಯು 732ಐ ಕಾರಿಗೆ ಹಾಕಿದ ಮೋಟ್ರಾನಿಕ್, ಪೆಟ್ರೋಲು ಮತ್ತು ಕಿಡಿ ಎರಡರ ಯಜಮಾನಿಕೆಯನ್ನೂ ಒಂದೇ ಪೆಟ್ಟಿಗೆಗೆ ಕೊಟ್ಟಿತು. ಅದೇ ಬಾಷ್‌ನ ಭಾರತದ ಮನೆ ನಮ್ಮ ಆಡುಗೋಡಿ. ಅಲ್ಲಿದ್ದ ಮೈಕೋ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಮೈಕೋ ಲೇಔಟಿನವರು ವಿಳಾಸ ಬದಲಿಸಲಿಲ್ಲ. ನಮ್ಮ ಬೀದಿಯ ಕಾರುಗಳಿಗೆ ಈ ಪೆಟ್ಟಿಗೆ ಸಾಮಾನ್ಯವಾದದ್ದು 2000ದ ಆಚೀಚೆ, ಹೊಗೆಯ ನಿಯಮ ಬಿಗಿಯಾದಾಗ. ಸಣ್ಣ ಕಾರುಗಳು ಬೆನ್ನ ಮೇಲೆ ಪೆಟ್ರೋಲ್ ಇಂಜೆಕ್ಷನ್ನಿನ ಗುರುತಾಗಿ ‘ಎಂಪಿಎಫ್‌ಐ’ ಎಂದು ಬರೆಸಿಕೊಂಡು ಮೆರೆದ ಕಾಲ ಅದು. 2010ರಿಂದ, ತನ್ನ ದೋಷವನ್ನು ತಾನೇ ಹೇಳಿಕೊಳ್ಳುವ ಒಬಿಡಿ ವ್ಯವಸ್ಥೆಯೂ ಕಡ್ಡಾಯವಾಯಿತು. ಸ್ಟೀರಿಂಗಿನ ಕೆಳಗೆ 16 ಪಿನ್ನಿನ ಸಾಕೆಟ್ಟು ಬಂತು. ಅದಕ್ಕೆ ಸಿಕ್ಕಿಸಲು ಸ್ಕ್ಯಾನರ್ ಬಂತು.

ಸ್ಕ್ಯಾನರ್ ಬಂದದ್ದೇ ತಪ್ಪು ತೀರ್ಪುಗಳ ಸುಗ್ಗಿಗೂ ಕಾರಣವಾಯಿತು ಎಂದು ನನಗನ್ನಿಸುತ್ತದೆ. ಪಿ0351 ಎಂದು ತೋರಿಸಿತು ಅನ್ನಿ. ಕಿಡಿ ಹುಟ್ಟಿಸುವ ಮೊದಲ ಕಾಯಿಲಿನ ಸರ್ಕೀಟಿನಲ್ಲಿ ಏನೋ ಸರಿಯಿಲ್ಲ ಎಂದಷ್ಟೇ ಅದರ ಅರ್ಥ. ಕಾಯಿಲ್ ಸತ್ತಿರಬಹುದು, ತಂತಿಯನ್ನು ಇಲಿ ಕಡಿದಿರಬಹುದು, ಪೆಟ್ಟಿಗೆಯೊಳಗಿನ ಡ್ರೈವರ್ ಟ್ರಾನ್ಸಿಸ್ಟರ್ ಸುಟ್ಟಿರಬಹುದು. ಮೂವರಲ್ಲಿ ಯಾರು ಎಂದು ಸ್ಕ್ಯಾನರ್ ಹೇಳುವುದಿಲ್ಲ. ಪಿ0606 ಒಂದು ಬಂದರೆ ಪೆಟ್ಟಿಗೆ ತನ್ನ ಪ್ರೊಸೆಸರ್ ಸರಿಯಿಲ್ಲವೆಂದು ತಾನೇ ಒಪ್ಪಿಕೊಂಡಂತೆ. ಆ ತಪ್ಪೊಪ್ಪಿಗೆಯನ್ನೂ ಮೇಸ್ತ್ರಿ ಸುಮ್ಮನೆ ನಂಬುವುದಿಲ್ಲ: ಬ್ಯಾಟರಿ ಸೊರಗಿದ್ದರೆ ಪೆಟ್ಟಿಗೆ ಜ್ವರ ಬಂದವರ ಹಾಗೆ ಏನೇನೋ ಬಡಬಡಿಸುತ್ತದೆ.

ಹಾಗಾಗಿ ವಿಚಾರಣೆ ಬ್ಯಾಟರಿಯಿಂದಲೇ ಶುರು. ನಿಂತ ಕಾರಿನಲ್ಲಿ 12.6 ವೋಲ್ಟಿನ ಹತ್ತಿರ ಇರಬೇಕು. ಸೆಲ್ಫ್ ಹೊಡೆದಾಗಲೂ 9.6ರ ಕೆಳಗೆ ಜಾರಬಾರದು. ಆಮೇಲೆ ಫ್ಯೂಸು, ಮೇನ್ ರಿಲೇ. ಆಮೇಲೆ ಅರ್ಥ್. ಇಲ್ಲಿ ಅವರು ಸ್ವಲ್ಪ ಹೊತ್ತು ನಿಂತರು. ಅರ್ಥ್ ತಂತಿಯ ಎಳೆಗಳೆಲ್ಲ ತುಕ್ಕು ಹಿಡಿದು ಒಂದೇ ಒಂದು ಉಳಿದಿದ್ದರೂ ಮಲ್ಟಿಮೀಟರಿನ ಓಮ್ ಲೆಕ್ಕಕ್ಕೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಅದಕ್ಕೆ ಅವರ ಬಳಿ ಇರುವುದು ಇಂಡಿಕೇಟರಿನ 21 ವ್ಯಾಟ್ ಬಲ್ಬು, ಎರಡು ತಂತಿ ಕಟ್ಟಿದ್ದು. ಪೆಟ್ಟಿಗೆಯ ಸಾಕೆಟ್ಟಿಗೆ ಬರುವ ಕರೆಂಟು ಮತ್ತು ಅರ್ಥ್‌ನ ನಡುವೆ ಅದನ್ನು ಹಿಡಿಯುತ್ತಾರೆ. ಬಲ್ಬು ಝಗ್ಗನೆ ಉರಿದರೆ ಸರಿ. ಮಂಕಾದರೆ ಪೆಟ್ಟಿಗೆಯನ್ನು ಮುಟ್ಟುವ ಅಗತ್ಯವೇ ಇಲ್ಲ. ಮೇಜಿನ ಮೇಲೆ ದುಬಾರಿ ಆಸಿಲೋಸ್ಕೋಪ್ ಇತ್ತು, ಆದರೆ ಕೈಗೆ ಸುಲಭವಾಗಿ ಸಿಗುವ ಮೊಳೆಗೆ ನೇತುಹಾಕಿದ್ದು ಬಲ್ಬನ್ನೇ.

ಮುಂದಿನದು 5 ವೋಲ್ಟ್. ನನ್ನ ಹಳೆಯ ಕಾರಿನಿಂದ ಇದನ್ನು ನಾನು ದುಡ್ಡು ಕೊಟ್ಟು ಕಲಿತಿದ್ದೇನೆ. ಒಂದು ಬೆಳಿಗ್ಗೆ ಸೆಲ್ಫ್ ತಿರುಗಿತು, ಎಂಜಿನ್ ಹತ್ತಲಿಲ್ಲ. ಹತ್ತಿರದ ಗ್ಯಾರೇಜಿನವರು ಸ್ಕ್ಯಾನರ್ ಹಾಕಿದರೆ ನಾಲ್ಕೈದು ಸೆನ್ಸರುಗಳ ದೋಷ ಒಟ್ಟಿಗೇ ಬಂತು. “ಇಷ್ಟೆಲ್ಲ ಒಟ್ಟಿಗೆ ಹೋಗಿದೆ ಅಂದ್ರೆ ಇಸಿಎಮ್ಮೇ ಹೋಗಿರೋದು” ಎಂದರು. ತರ್ಕ ನನಗೂ ಸರಿ ಅನ್ನಿಸಿತು. ಗುಜರಿಯಿಂದ ತಂದ ಬೇರೊಂದನ್ನು ಹಾಕಿದರು, ಅದೂ ಸತ್ತಂತೆಯೇ ಇತ್ತು. ಕೊನೆಗೆ ಈ ಮಹಡಿಯಲ್ಲಿ ಗೊತ್ತಾಯಿತು: ಪೆಟ್ಟಿಗೆ ಹಲವು ಸೆನ್ಸರುಗಳಿಗೆ ಒಂದೇ ನಲ್ಲಿಯಿಂದ 5 ವೋಲ್ಟ್ ಹಂಚುತ್ತದೆ. ಎ.ಸಿ. ಗ್ಯಾಸಿನ ಒತ್ತಡ ನೋಡುವ ಸೆನ್ಸರು ಒಳಗೇ ಶಾರ್ಟಾಗಿತ್ತು. ಆ ಮೂಲಕ ಇಡೀ 5 ವೋಲ್ಟ್ ಅರ್ಥಿಗೆ ಹರಿದು ಹೋಗುತ್ತಿತ್ತು. ಸೆನ್ಸರುಗಳ ಸಾಕೆಟ್ಟನ್ನು ಒಂದೊಂದಾಗಿ ಕಿತ್ತರು. ಎ.ಸಿ.ಯದ್ದು ಕಿತ್ತ ಕ್ಷಣ 5 ವೋಲ್ಟ್ ವಾಪಸ್, ಎಂಜಿನ್ ಗುರ್ ಎಂದಿತು. ಆ ಬೇಸಿಗೆಯಲ್ಲಿ ನಾನು ಎ.ಸಿ.ಯನ್ನು ಮುಟ್ಟಿರಲೇ ಇಲ್ಲ ಎನ್ನುವುದು ಬೇರೆ ಮಾತು.

ಕಾರಿನ ಪೆಟ್ಟಿಗೆಗಳು ಪರಸ್ಪರ ಮಾತಾಡುವ ಕ್ಯಾನ್ ಎಂಬ ಜೋಡಿ ತಂತಿಗೂ ಸರಳ ಪರೀಕ್ಷೆಯಿದೆ. ಬ್ಯಾಟರಿ ಬಿಚ್ಚಿ, ಆ 16 ಪಿನ್ನಿನ ಸಾಕೆಟ್ಟಿನಲ್ಲಿ 6 ಮತ್ತು 14ರ ನಡುವೆ ಅಳೆದರೆ 60 ಓಮ್ ಬರಬೇಕು. ತುದಿಗೊಂದರಂತೆ 120 ಓಮಿನ ಎರಡು ರೆಸಿಸ್ಟರುಗಳಿರುತ್ತವೆ. 120 ಬಂದರೆ ಒಂದು ತುದಿ ಕಡಿದಿದೆ.

ಇಷ್ಟೆಲ್ಲ ದಾಟಿಯೂ ಆರೋಪ ನಿಂತರೆ ಪೆಟ್ಟಿಗೆ ನಿಜಕ್ಕೂ ತಪ್ಪಿತಸ್ಥ. ಆದರೂ ಅದು ತಾನಾಗಿ ಸಾಯುವುದು ಅಪರೂಪ, ಸಾಮಾನ್ಯವಾಗಿ ಯಾರೋ ಕೊಂದಿರುತ್ತಾರೆ. ಒಳಗೇ ಶಾರ್ಟಾದ ಕಾಯಿಲ್ ಪೆಟ್ಟಿಗೆಯ ಡ್ರೈವರ್ ಟ್ರಾನ್ಸಿಸ್ಟರನ್ನು ಸುಡುತ್ತದೆ. ಬ್ಯಾಟರಿ ಬಿಚ್ಚದೆ ಕಾರಿನ ಮೈಗೆ ವೆಲ್ಡಿಂಗ್ ಮಾಡುತ್ತಾರೆ. ಜಂಪ್ ಸ್ಟಾರ್ಟ್ ಮಾಡುವಾಗ ಪ್ಲಸ್ಸು ಮೈನಸ್ಸು ಅದಲುಬದಲು. ಬಿಸಿಯಾದಾಗ ಮಾತ್ರ ನಿಲ್ಲುವ ಕಾರಿನ ಪೆಟ್ಟಿಗೆಯಲ್ಲಿ ಬೆಸುಗೆ ಕೂದಲೆಳೆಯಷ್ಟು ಬಿರಿದಿರಬಹುದು; ಅದನ್ನು ಹಿಡಿಯಲು ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಊದುತ್ತಾರೆ. ನೀರಿನದ್ದು ದೊಡ್ಡ ಕತೆ. 2022ರ ಸೆಪ್ಟೆಂಬರಿನ ಮಳೆಗೆ ಬೆಳ್ಳಂದೂರು, ಯಮಲೂರಿನ ಕಡೆ ಕಾರುಗಳು ಮುಳುಗಿದ್ದನ್ನು ನಾವೆಲ್ಲ ಕಂಡಿದ್ದೇವೆ. ನೀರಿಗಿಂತ ಹೆಚ್ಚು ಹಾನಿ ಮಾಡುವುದು, ನೀರಿಳಿದ ಮೇಲೆ ‘ನೋಡೋಣ’ ಎಂದು ಕೀಲಿ ತಿರುಗಿಸುವ ಕೈ. ಒದ್ದೆ ಬೋರ್ಡಿಗೆ ಕರೆಂಟು ಹರಿದರೆ ತಾಮ್ರ ಹಸಿರುಗಟ್ಟಿ ಕರಗುತ್ತದೆ. ಕೀಲಿ ಮುಟ್ಟದೆ ಬ್ಯಾಟರಿಯ ಮೈನಸ್ ಕಿತ್ತು, ಪೆಟ್ಟಿಗೆ ತೆಗೆದು, ಶುದ್ಧ ಆಲ್ಕೋಹಾಲಿನಲ್ಲಿ ತೊಳೆದರೆ ಬದುಕುವ ಸಾಧ್ಯತೆ ಹೆಚ್ಚು. ಕೊಲೆಗಾರನನ್ನು ಹಿಡಿಯದೆ ಹೊಸ ಪೆಟ್ಟಿಗೆ ಹಾಕಿದರೆ ಅದೇ ಕಾಯಿಲ್ ಅದನ್ನೂ ಕೊಲ್ಲುತ್ತದೆ.

ಬದಲಿಸುವುದೂ ಬಲ್ಬು ಬದಲಿಸಿದಂತಲ್ಲ. ಮೇಲಿನ ಚೀಟಿಯ ನಂಬರು ಕೂಡಬೇಕು. ಬಾಷ್‌ನದ್ದಾದರೆ ಪೆಟ್ರೋಲಿಗೆ 0261, ಡೀಸೆಲ್ಲಿಗೆ 0281ರಿಂದ ಶುರುವಾಗುವ ಹತ್ತು ಅಂಕಿ. ಶಿವಾಜಿನಗರದ ಗುಜರಿಯಲ್ಲಿ ತದ್ರೂಪು ನಂಬರು ಸಿಕ್ಕಿದರೂ ಕಾರು ಹತ್ತದಿರಬಹುದು, ಏಕೆಂದರೆ ಅದು ತನ್ನ ಹಳೆಯ ಮನೆಯ ಕೀಲಿಯನ್ನು ಮರೆತಿಲ್ಲ. ಕೀಲಿಯೊಳಗಿನ ಚಿಪ್ಪಿನ ಗುಟ್ಟು ಹಲವು ಪೆಟ್ಟಿಗೆಗಳಲ್ಲಿ ಎಂಟು ಕಾಲಿನ ಪುಟ್ಟ ಮೆಮೊರಿಯಲ್ಲಿ ಬರೆದಿರುತ್ತದೆ. ಸತ್ತದ್ದರ ಆ ನೆನಪನ್ನು ಓದಿ, ನಕಲು ತೆಗೆದಿಟ್ಟು, ಬದಲಿಯೊಳಗೆ ಬರೆಯುವುದಕ್ಕೆ ಇಲ್ಲಿ ಕ್ಲೋನಿಂಗ್ ಎನ್ನುತ್ತಾರೆ. ಬರೆಯುವಾಗ ಕರೆಂಟು ಹೋದರೆ ಇದ್ದದ್ದೂ ಹೋಯಿತು. ಮೇಜಿನ ಕೆಳಗೆ ಎರಡು ಯುಪಿಎಸ್ ಇಟ್ಟಿರುವುದು ಅದಕ್ಕೇ. ಕಾಮನ್ ರೈಲ್ ಡೀಸೆಲ್ ಎಂಜಿನ್ನಾದರೆ ಒಂದೊಂದು ಇಂಜೆಕ್ಟರಿನ ಮೇಲೆ ಕೊರೆದ ಸಂಕೇತವೂ ಹೊಸ ಪೆಟ್ಟಿಗೆಗೆ ತಿಳಿಯಬೇಕು, ಇಲ್ಲದಿದ್ದರೆ ಎಂಜಿನ್ ಒರಟಾಗಿ ಕಟಕಟ ಎನ್ನಬಹುದು.

ಇದೇ ವಿದ್ಯೆ ಕಾರು ಕದ್ದವನಿಗೂ ಬೇಕಾದದ್ದು. ಮೇಸ್ತ್ರಿ ಮೊದಲು ಆರ್‌ಸಿ ಕೇಳುತ್ತಾರೆ. ತೋರಿಸದಿದ್ದರೆ ಟೇಪು ಅಂಟಿಸುವುದಿಲ್ಲ.

ನಾನು ಹೊರಡುವ ಹೊತ್ತಿಗೆ ತುಮಕೂರಿನ ಕಡೆಯಿಂದ ಒಬ್ಬರು ಪೆಟ್ಟಿಗೆ ವಾಪಸ್ ಪಡೆಯಲು ಬಂದರು. ‘ಓಕೆ’ ನೋಡಿ ಮುಖ ಸಣ್ಣದಾಯಿತು.

“ಏನೂ ಮಾಡೇ ಇಲ್ಲ ಅಂದ್ಮೇಲೆ ದುಡ್ಡು ಯಾಕೆ ಸಾರ್?”

ಮೇಸ್ತ್ರಿ ಉತ್ತರಿಸಲಿಲ್ಲ. ಟೇಪಿನ ಒಂದು ತುಂಡು ಹರಿದು ‘ಬ್ಯಾಟರಿ ಕೆಳಗಿನ ಅರ್ಥ್ ಬಿಚ್ಚಿ, ಕೆರೆದು, ಬಿಗಿ ಮಾಡಿ’ ಎಂದು ಬರೆದು ಪೆಟ್ಟಿಗೆಗೆ ಅಂಟಿಸಿದರು. ಆಮೇಲೆ ಮೊಳೆಯಲ್ಲಿದ್ದ ಬಲ್ಬನ್ನು ಇಳಿಸಿ, ಮುಂದಿನ ವಾರ ತಂದುಕೊಡಿ ಎಂದು ಅವರ ಕೈಗಿಟ್ಟರು.