ಕ್ಲಿಕ್ಕಿಗೊಂದು ಬೆಲೆ: ಮನೆ-ಪ್ಲಾಟು ಧಂದೆಯವರ ಜಾಹೀರಾತಿನ ಲೆಕ್ಕ

ಸೊಲ್ಲಾಪುರದಲ್ಲಿರುವ ನಮ್ಮ ಸೋದರಳಿಯ ಎರಡು ವರ್ಷದ ಕೆಳಗೆ ನೌಕರಿ ಬಿಟ್ಟು ಮನೆ, ಪ್ಲಾಟು ಕೊಡಿಸುವ ಧಂದೆಗೆ ಇಳಿದ. ಪರಿಚಯದವರಿಂದ ಬರುವ ಗಿರಾಕಿಗಳು ಸಾಲದೆ ಗೂಗಲ್‌ನಲ್ಲಿ ಜಾಹೀರಾತು ಕೊಡುವ ವಿಚಾರ ಹುಟ್ಟಿತು. ಕೈಯಲ್ಲಿ ಹಣವಿಲ್ಲ. ನಮ್ಮ ತಂಗಿ ಎರಡು ಬಳೆ ಅಡವಿಟ್ಟು ಕೊಟ್ಟಳು. ಪರವೂರಿನ ಒಬ್ಬರಿಗೆ ಜಾಹೀರಾತಿನ ಕೆಲಸ ಒಪ್ಪಿಸಿದ್ದಾಯಿತು. ಒಂದೇ ತಿಂಗಳಲ್ಲಿ 30,000 ರೂಪಾಯಿ ಹೋಯಿತು. ಫೋನುಗಳೇನೋ ಬಂದವು. ಆದರೆ ಒಬ್ಬರಿಗೆ ಕಾಲೇಜು ಹುಡುಗರಿಗೆ ಬಾಡಿಗೆ ಖೋಲಿ ಬೇಕು, ಇನ್ನೊಬ್ಬರಿಗೆ ಅಕ್ಕಲಕೋಟೆ ಯಾತ್ರೆಗೆ ಬಂದಾಗ ತಂಗಲು ಲಾಡ್ಜು ಬೇಕು, ಮತ್ತೊಬ್ಬರಿಗೆ ಸರಕಾರಿ ಮನೆಗಳ ಲಾಟರಿಯ ಅರ್ಜಿ ಬೇಕು. ಮನೆ ಕೊಳ್ಳುವವರು ಮಾತ್ರ ಒಬ್ಬರೂ ಇಲ್ಲ.

ಆಗ ನಾವೂ ಅವನ ಜೊತೆ ಕುಳಿತು, ಈ ವ್ಯವಸ್ಥೆ ಹೇಗೆ ನಡೆಯುತ್ತದೆಂದು ತಿಳಿದುಕೊಂಡೆವು. ನಮ್ಮ ಅನೇಕ ಮನೆಗಳ ತರುಣರು ಈಗ ಇದೇ ಧಂದೆಯಲ್ಲಿ ಇರುವುದರಿಂದ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇವೆ.

ಪತ್ರಿಕೆಯ ಜಾಹೀರಾತಿಗೆ ಅಳತೆಯ ಮೇಲೆ ಹಣ. ಯಾರು ಓದಿದರೂ ಬಿಟ್ಟರೂ ಅಷ್ಟೇ. ಇಲ್ಲಿ ಹಾಗಲ್ಲ. ಜನ ಹುಡುಕುವ ಪದಗಳನ್ನು ಹರಾಜಿಗಿಟ್ಟು, ಜಾಹೀರಾತನ್ನು ಒತ್ತಿದಾಗ ಮಾತ್ರ ಹಣ ಪಡೆಯುವ ಪದ್ಧತಿಯನ್ನು ಅಮೆರಿಕದ ಬಿಲ್ ಗ್ರಾಸ್ ಅವರ ಗೋಟು ಡಾಟ್ ಕಾಮ್ ಕಂಪನಿ 1998ರಲ್ಲಿ ನಡೆಗೆ ತಂದಿತು. ಗೂಗಲ್ 2000ದಲ್ಲಿ ಆಡ್‌ವರ್ಡ್ಸ್ ತೆರೆದು, 2002ರಲ್ಲಿ ಈ ಕ್ಲಿಕ್ಕಿನ ಹರಾಜಿಗೆ ಬಂದಿತು. 2018ರಿಂದ ಅದರ ಹೆಸರು ಗೂಗಲ್ ಆಡ್ಸ್. ಹರಾಜು ಎಂದರೆ ಹೆಚ್ಚು ಕೂಗಿದವನಿಗೇ ಮೇಲಿನ ಜಾಗ ಎಂದಲ್ಲ. ಹುಡುಕಿದ ಮಾತಿಗೂ ಜಾಹೀರಾತಿಗೂ ಎಷ್ಟು ಹೊಂದಿಕೆ, ಒತ್ತಿದ ಮೇಲೆ ತೆರೆಯುವ ಪುಟ ಉಪಯೋಗದ್ದೇ ಎಂಬುದನ್ನೂ ನೋಡುತ್ತಾರೆ. ಆದ್ದರಿಂದ 10 ರೂಪಾಯಿ ಕೂಗಿದ ಸಣ್ಣ ದಲಾಲ 20 ಕೂಗಿದವನ ಮೇಲೆ ಕೂಡುವುದು ಸಾಧ್ಯ. ದೊಡ್ಡ ಬಿಲ್ಡರರ ಎದುರು ಚಿಕ್ಕವರಿಗೆ ಇರುವ ದಾರಿ ಇದೊಂದೇ ಎಂದು ನಮ್ಮ ಅಭಿಪ್ರಾಯ.

ಹಾಗಾದರೆ 30,000 ಹೋದದ್ದೆಲ್ಲಿ? ಹುಡುಕಿದ ಪದಗಳ ವರದಿ ಎಂದೊಂದು ಪಟ್ಟಿ ಅದೇ ಖಾತೆಯಲ್ಲಿರುತ್ತದೆ. ಅದನ್ನು ತಿಂಗಳಿಡೀ ಯಾರೂ ತೆರೆದು ನೋಡಿರಲಿಲ್ಲ. ಪದವನ್ನು ಹಾಗೇ ಬರಿದಾಗಿ ಕೊಟ್ಟರೆ ಅದು ‘ವಿಶಾಲ’ ಹೊಂದಿಕೆ. ಗೂಗಲ್ ತನಗೆ ಹತ್ತಿರವೆಂದು ಕಂಡ ಎಲ್ಲ ಹುಡುಕಾಟಕ್ಕೂ ಜಾಹೀರಾತು ತೋರಿಸುತ್ತದೆ. ಉದ್ಧರಣ ಚಿಹ್ನೆಯೊಳಗೆ ಕೊಟ್ಟರೆ ಆ ಮಾತಿನ ಅರ್ಥ ಹುಡುಕಾಟದಲ್ಲಿ ಇರಲೇಬೇಕು. ಚೌಕ ಕಂಸದಲ್ಲಿ ಕೊಟ್ಟರೆ ಅದೇ ಅರ್ಥದ ಹುಡುಕಾಟಕ್ಕೆ ಮಾತ್ರ. ನಮ್ಮ ಹುಡುಗನ ಖಾತೆಯಲ್ಲಿ ‘ಸೊಲ್ಲಾಪುರ ಮನೆ’, ‘ಸೊಲ್ಲಾಪುರ ರೂಮ್’ ಎಂಬ ಪದಗಳು ಬರಿದಾಗಿಯೇ ಇದ್ದವು. ಊರಿಗೆಲ್ಲ ಬಾಗಿಲು ತೆರೆದಿಟ್ಟು, ಬಂದವರಿಗೆಲ್ಲ ಚಹಾದ ಖರ್ಚು ಕೊಟ್ಟಂತಾಯಿತು.

ಮೊದಲ ಕೆಲಸವಾಗಿ ಬೇಡದ ಪದಗಳ ಪಟ್ಟಿ ಮಾಡಿದೆವು: ಬಾಡಿಗೆ, ಲಾಡ್ಜ್, ಹಾಸ್ಟೆಲ್, ಮ್ಹಾಡಾ, ನಕ್ಷೆ, ನೌಕರಿ. ಬೇಡದ ಪದಕ್ಕೆ ಸಮಾನಾರ್ಥಕಗಳನ್ನು ಗೂಗಲ್ ತಾನಾಗಿ ಸೇರಿಸಿಕೊಳ್ಳುವುದಿಲ್ಲ. ‘ರೆಂಟ್’ ಬೇಡವೆಂದರೆ ‘ಭಾಡ್ಯಾನೆ’ ಬೇಡವೆಂದು ಅದು ತಿಳಿಯದು. ಸೊಲ್ಲಾಪುರದಂಥ ಊರಲ್ಲಿ ಮರಾಠಿ, ಕನ್ನಡ, ತೆಲುಗು, ಹಿಂದಿ, ಇಂಗ್ಲಿಷು ಎಲ್ಲದರಲ್ಲೂ ಹುಡುಕುತ್ತಾರೆ, ಅದೂ ಇಂಗ್ಲಿಷ್ ಅಕ್ಷರದಲ್ಲಿ ಮರಾಠಿ ಬರೆದು. ಆ ಪಟ್ಟಿಯನ್ನು ಕಡೆಗೆ ಕೂತು ಬರೆದವಳು ನಮ್ಮ ತಂಗಿಯೇ. ಪೇಟೆಯಲ್ಲಿ ಜನ ಹೇಗೆ ಕೇಳುತ್ತಾರೆಂಬುದು ಅವಳಿಗೆ ಮಗನಿಗಿಂತ ಚೆನ್ನಾಗಿ ಗೊತ್ತು.

ಆಮೇಲೆ ಕೊಳ್ಳುವ ಪದಗಳು. ‘ಜುಳೆ ಸೊಲ್ಲಾಪುರ 2 ಬಿಎಚ್‌ಕೆ ಫ್ಲ್ಯಾಟು ಮಾರಾಟ’, ‘ಹೊಟಗಿ ರಸ್ತೆ ಪ್ಲಾಟು ದರ’, ಹೀಗೆ ಬಡಾವಣೆಯ ಹೆಸರಿನೊಂದಿಗೆ. ಇವನ್ನು ಹುಡುಕುವವರು ಕಡಿಮೆ, ಆದರೆ ಹುಡುಕುವವನು ಕೊಳ್ಳುವ ಮನಸ್ಸಿನವನು. ಒಂದೊಂದು ಬಡಾವಣೆಗೆ ಒಂದೊಂದು ಪುಟ. ಅದರಲ್ಲಿ ಫೋಟೋ, ದರ, ನೋಂದಣಿ ಸಂಖ್ಯೆ, ಫೋನಿನ ಗುಂಡಿ. ಮುಂಚೆ ಎಲ್ಲ ಕ್ಲಿಕ್ಕೂ ಒಂದೇ ಮುಖಪುಟಕ್ಕೆ ಹೋಗಿ ಅಲ್ಲಿಂದ ಹಿಂದಿರುಗುತ್ತಿದ್ದವು.

ಸ್ಥಳದ ಆಯ್ಕೆಯಲ್ಲಿ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ನೀವು ಬದಲಿಸದಿದ್ದರೆ ಗೂಗಲ್ ಆ ಊರಿನಲ್ಲಿ ಇರುವವರಿಗೂ ಆ ಊರಿನ ಬಗ್ಗೆ ಆಸಕ್ತಿ ತೋರಿದವರಿಗೂ ಜಾಹೀರಾತು ತೋರಿಸುತ್ತದೆ. ಹಣ ಸೋರುವ ತೂತು ಇದೆಂದು ಬಹಳ ಜನ ಕೂಡಲೇ ಮುಚ್ಚುತ್ತಾರೆ. ಸೊಲ್ಲಾಪುರದ ಮಟ್ಟಿಗೆ ನಾವು ಮುಚ್ಚಲಿಲ್ಲ. ಇಲ್ಲಿಯ ಮಕ್ಕಳು ಪುಣೆ, ಬೆಂಗಳೂರು ಸೇರಿದ್ದಾರೆ. ತಂದೆತಾಯಿಗಾಗಿ ಲಿಫ್ಟು ಇರುವ ಮನೆ ಹುಡುಕುವವರು ಅವರೇ. ಆದ್ದರಿಂದ ಎರಡು ಪ್ರತ್ಯೇಕ ಪ್ರಚಾರ ಮಾಡಿಸಿದೆವು: ಊರಿನವರಿಗೆ ಹಗಲಲ್ಲಿ, ಪುಣೆ-ಬೆಂಗಳೂರಿನವರಿಗೆ ರಾತ್ರಿ ಮತ್ತು ರವಿವಾರ. ಎರಡಕ್ಕೂ ಖರ್ಚು ಬೇರೆ, ಲೆಕ್ಕವೂ ಬೇರೆ.

ಲೆಕ್ಕವನ್ನು ದಲಾಲಿಯಿಂದ ಹಿಂದಕ್ಕೆ ಹಾಕಬೇಕು. ಉದಾಹರಣೆಗೆ 30 ಲಕ್ಷದ ಫ್ಲ್ಯಾಟಿಗೆ ಶೇಕಡಾ 2ರಂತೆ 60,000. ಕ್ಲಿಕ್ಕಿಗೆ 15 ರೂಪಾಯಿ, 40 ಕ್ಲಿಕ್ಕಿಗೆ ಒಂದು ನಿಜವಾದ ವಿಚಾರಣೆ ಎಂದರೆ ವಿಚಾರಣೆಗೆ 600. 25 ವಿಚಾರಣೆಗೆ ಒಂದು ವ್ಯವಹಾರವೆಂದರೆ 15,000. ದಲಾಲಿಯ ಕಾಲು ಭಾಗ, ತಾಳಿಕೆಯಾಗುತ್ತದೆ. ಅದೇ ಖರ್ಚನ್ನು ಒಂದು ತಿಂಗಳ ಬಾಡಿಗೆ 8,000 ದಲಾಲಿ ಸಿಗುವ ಮನೆಗೆ ಮಾಡಿದರೆ ಕೈಯಿಂದಲೇ ಕಳೆಯಿತು. ಈ ಅಂಕಿಗಳು ತಿಳಿಸಲಿಕ್ಕಾಗಿ ಇಟ್ಟವು. ನಿಮ್ಮವನ್ನು ನಿಮ್ಮ ವಹಿಯಿಂದ ತೆಗೆಯಿರಿ. ದಿನಕ್ಕೆ 500 ಎಂದು ಇಟ್ಟರೆ ಒಂದು ದಿನ 1,000ದವರೆಗೂ ಹೋಗಬಹುದು, ತಿಂಗಳಿಗೆ ಮಾತ್ರ 15,200 ದಾಟದು. ಅದರ ಮೇಲೆ ಶೇಕಡಾ 18 ಜಿಎಸ್‌ಟಿ.

ಎಷ್ಟು ಕೂಗಬೇಕೆಂಬುದನ್ನು ಯಂತ್ರಕ್ಕೇ ಬಿಡಿ ಎನ್ನುವ ಸಲಹೆ ಪದೇ ಪದೇ ಬರುತ್ತದೆ. ಯಂತ್ರ ನೀವು ಏನನ್ನು ಎಣಿಸಲು ಹೇಳುತ್ತೀರೋ ಅದನ್ನೇ ಹೆಚ್ಚಿಸುತ್ತದೆ. ಪ್ರತಿಯೊಂದು ಫೋನನ್ನೂ ಎಣಿಸಿದರೆ ಬಾಡಿಗೆಯವರ ಫೋನನ್ನೇ ಹುಡುಕಿ ತರುತ್ತದೆ. ಮೊದಲ ಮೂರು ತಿಂಗಳು ನಾವು ಕ್ಲಿಕ್ಕಿನ ಮಿತಿಯನ್ನು ಕೈಯಿಂದಲೇ ಇಟ್ಟೆವು. ಮನೆ ನೋಡಲು ಬಂದವರ ಹೆಸರನ್ನು ಮಾತ್ರ ವಹಿಯಲ್ಲಿ ಬರೆದು, ಅವರು ಯಾವ ಪದದಿಂದ ಬಂದರೆಂದು ತಾಳೆ ನೋಡಿದೆವು. ಫೇಸ್‌ಬುಕ್ಕಿನ ಜಾಹೀರಾತು ಅಗ್ಗವೆಂದು ಕಾಣುತ್ತದೆ, ಆದರೆ ಅಲ್ಲಿ ಯಾರೂ ಮನೆ ಹುಡುಕಲು ಬಂದಿರುವುದಿಲ್ಲ. ಹೊಸ ಲೇಔಟಿನ ಸುದ್ದಿ ಹರಡಲು ಅದು ಸರಿ.

ಕಾಯಿದೆಯ ಮಾತು. 2016ರ ರೇರಾ ಕಾಯಿದೆಯಂತೆ ನೋಂದಣಿ ಕಡ್ಡಾಯವಾದ ಯೋಜನೆಯನ್ನು ನೋಂದಣಿಯಿಲ್ಲದೆ ಜಾಹೀರಾತು ಮಾಡುವಂತಿಲ್ಲ. ಅಂಥ ಯೋಜನೆಯಲ್ಲಿ ಮಾರಿಸುವ ದಲಾಲನೂ ನೋಂದಾಯಿಸಿಕೊಳ್ಳಬೇಕು. ಮಹಾರಾಷ್ಟ್ರದಲ್ಲಿ 2023ರ ಆಗಸ್ಟ್ 1ರಿಂದ ಯೋಜನೆಯ ಜಾಹೀರಾತಿಗೆ ಕ್ಯುಆರ್ ಕೋಡೂ ಬೇಕು. ಕ್ಲಿಕ್ಕಿನ ಜಾಹೀರಾತು ಇದರಿಂದ ಹೊರತಲ್ಲ. ಬಿಲ್ಡರ್ ಕೊಟ್ಟ ಫೋಟೋ ಹಾಕುವ ಮುನ್ನ ನೋಂದಣಿ ಸಂಖ್ಯೆಯನ್ನು ಮಹಾರೇರಾದ ಜಾಲತಾಣದಲ್ಲಿ ನೋಡಿಕೊಳ್ಳಲು ಹತ್ತು ನಿಮಿಷ ಸಾಕು.

ಎರಡನೆಯ ಪ್ರಚಾರದ ಐದನೆಯ ತಿಂಗಳಲ್ಲಿ ಪುಣೆಯ ಒಬ್ಬ ಗೃಹಸ್ಥರು ರವಿವಾರ ರಾತ್ರಿ ಫೋನು ಮಾಡಿ, ಮುಂದಿನ ವಾರ ತಾಯಿಯನ್ನು ಕರೆತಂದು ವಿಜಾಪುರ ರಸ್ತೆಯ ಕಡೆ ಮನೆ ನೋಡಿ ಮುಂಗಡ ಕೊಟ್ಟರು. ದಲಾಲಿ ಕೈಗೆ ಬಂದ ದಿನವೇ ತಂಗಿಯ ಬಳೆ ಬಿಡಿಸಿಕೊಂಡು ಬಂದೆವು. ಹುಡುಗ ಈಗಲೂ ಸೋಮವಾರ ಬೆಳಿಗ್ಗೆ ಪದಗಳ ವರದಿ ತೆರೆದು ತಾಯಿಯ ಮುಂದೆ ಓದುತ್ತಾನೆ. ಕಳೆದ ವಾರ ಬೇಡದ ಪಟ್ಟಿಗೆ ‘ಚಾದರ’ ಸೇರಿತು.