ಕಾರ್ಬುರೇಟರ್ ಗಾಡಿ: ಮಾರಬೇಕೆ, ಇಟ್ಟುಕೊಳ್ಳಬೇಕೆ?

ಸದಸ್ಯ ಬಾಂಧವರಲ್ಲಿ ಅನೇಕರ ಮನೆಯ ಷೆಡ್ಡಿನಲ್ಲಿ 2000ಕ್ಕೆ ಹಿಂದಿನ ಪೆಟ್ರೋಲ್ ಕಾರು, ಜೀಪುಗಳು ಇನ್ನೂ ಇವೆ. ಅವನ್ನು ಮಾರಿಬಿಡುವುದೇ ಲೇಸೆ ಎಂದು ಸಂಘದ ಕಛೇರಿಗೆ ಬಂದವರು ಕೇಳುವುದುಂಟು. ಈ ವಿಷಯದಲ್ಲಿ ನನ್ನ ಅನುಭವವನ್ನು ಮುಂದಿಡುತ್ತೇನೆ.

ಕಳೆದ ಬೇಸಿಗೆಯಲ್ಲಿ ಇಂಡಿಯ ಲಿಂಬೆ ತೋಟಗಳನ್ನು ನೋಡಲು ಎರಡು ಕಾರುಗಳಲ್ಲಿ ಹೊರಟಿದ್ದೆವು. ಮುದ್ದೇಬಿಹಾಳ ದಾಟಿ ಬಸವನ ಬಾಗೇವಾಡಿಯ ಕಡೆ ಸಾಗುವಾಗ, ನಡುಮಧ್ಯಾಹ್ನ, ನನ್ನ ಹಳೆಯ ಕಾರು ನಿಂತುಹೋಯಿತು. ಮಿತ್ರರ ಇಂಜೆಕ್ಷನ್ ಕಾರಿಗೆ ಏನೂ ಆಗಲಿಲ್ಲ. ದಾರಿಹೋಕ ಮಿಸ್ತ್ರಿಯೊಬ್ಬರು ಬಾನೆಟ್ ಎತ್ತಿ ನೋಡಿ, "ಗಾಡಿ ಕೆಟ್ಟಿಲ್ರಿ ಸಾಹೇಬ್ರ, ಬಿಸಿಲಿಗಿ ಪೆಟ್ರೋಲ್ ಆವಿ ಆಗೇತಿ. ಪಂಪಿನ ಮ್ಯಾಲೆ ಹಸಿ ಅರಿವಿ ಹಾಕ್ರಿ, ಅರ್ಧಾ ತಾಸು ತಡೀರಿ" ಎಂದರು. ಹಾಗೆಯೇ ಮಾಡಿದೆವು. ಸಂಜೆಗೆ ಸಿಂದಗಿ ಸೇರಿದೆವು.

ಕಾರಣ ಸರಳ. ಹಳೆಯ ಕಾರಿನ ಪಂಪು ಬಿಸಿ ಎಂಜಿನ್ನಿನ ಪಕ್ಕದಲ್ಲಿದ್ದು ಪೆಟ್ರೋಲನ್ನು ಎಳೆಯುತ್ತದೆ, ಆವಿಯನ್ನು ಎಳೆಯಲಾರದು. ಇಂಜೆಕ್ಷನ್ ಕಾರಿನಲ್ಲಿ ಪಂಪು ಟ್ಯಾಂಕಿನೊಳಗೇ ಇದ್ದು ಒತ್ತಡದಿಂದ ತಳ್ಳುತ್ತದೆ. ಆದರೆ ಆ ಪಂಪು ಕೆಟ್ಟರೆ ಹಸಿ ಬಟ್ಟೆಯಿಂದ ಕೆಲಸವಾಗದು.

ಬಿಸಿಲಿಗಿಂತ ದೊಡ್ಡ ಪ್ರಶ್ನೆ ಎಥನಾಲಿನದು. ಆ ಸೀಮೆಯಲ್ಲಿ ಕೃಷ್ಣಾ, ಭೀಮಾ ನೀರು ಕಂಡ ಹೊಲಗಳಲ್ಲಿ ಕಬ್ಬು ನಿಂತಿದೆ. ಕಬ್ಬು, ಮೆಕ್ಕೆಜೋಳಗಳಿಂದ ಎಥನಾಲ್ ತಯಾರಾಗಿ ಪೆಟ್ರೋಲಿಗೆ ಸೇರುತ್ತದೆ. ನೂರಕ್ಕೆ 20 ಪಾಲು ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ದೊರೆಯಿತು. ರೈತನಿಗೆ ಇದರಿಂದ ಅನುಕೂಲವುಂಟು. ಹಳೆಯ ಗಾಡಿಗೆ ತೊಂದರೆಯೂ ಉಂಟು.

ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥನಾಲಿಗೆ 9 ಕಿಲೋ ಸಾಕು. ಇಂಜೆಕ್ಷನ್ ಕಾರಿನ ಸೆನ್ಸಾರ್ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆದು, ಎಣ್ಣೆಯನ್ನು ತಕ್ಕಷ್ಟು ಹೆಚ್ಚಿಸುತ್ತದೆ. ಕಾರ್ಬುರೇಟರಿನ ಜೆಟ್ಟಿನ ರಂಧ್ರವಾದರೋ ಬದಲಾಗದು. ಮಿಶ್ರಣ ತೆಳುವಾಗಿ ಗಾಡಿ ಬೇಗ ಸ್ಟಾರ್ಟ್ ಆಗದು, ಮಿಸ್ ಹೊಡೆಯುತ್ತದೆ. ಮೈಲೇಜೂ ಕುಗ್ಗುತ್ತದೆ: 10 ಪಾಲಿಗೆ ಹೊಂದಿಸಿದ ನಾಲ್ಕು ಚಕ್ರದ ಗಾಡಿಗಳಲ್ಲೇ ನೂರಕ್ಕೆ 6ರಿಂದ 7ರಷ್ಟು ಎಂದು ನೀತಿ ಆಯೋಗದ 2021ರ ವರದಿ ಅಂದಾಜು ಮಾಡಿತ್ತು.

ನಮ್ಮ ಮಲೆನಾಡಿಗೆ ಇನ್ನೊಂದು ಅಪಾಯವಿದೆ. ಎಥನಾಲ್ ತೇವವನ್ನು ಹೀರುತ್ತದೆ. ಮಳೆಗಾಲವಿಡೀ ಅರೆ ಟ್ಯಾಂಕಿನಲ್ಲಿ ನಿಂತ ಗಾಡಿಯಲ್ಲಿ ನೀರು ಬೇರ್ಪಟ್ಟು ತಳಕ್ಕಿಳಿಯಬಹುದು, ತುಕ್ಕು ಹಿಡಿಯಬಹುದು.

ಲಾರಿಯಿದ್ದವರಿಗೆ ಈ ಚಿಂತೆ ಬೇಡ. ಡೀಸೆಲ್ ಎಂಜಿನ್ನಿಗೆ ಕಾರ್ಬುರೇಟರೇ ಇಲ್ಲ. ಹಳೆಯ ಲಾರಿಗೂ ಇರುವುದು ಇಂಜೆಕ್ಷನ್ ಪಂಪೇ. 1951ರಲ್ಲಿ ಆರಂಭವಾದ ಬೆಂಗಳೂರಿನ ಮೈಕೋ, ಅಂದರೆ 2008ರಿಂದ ಬಾಷ್ ಎನಿಸಿದ ಕಂಪನಿ, ಹೆಸರು ಮಾಡಿದ್ದೇ ಆ ಪಂಪುಗಳಿಂದ.

ಆದುದರಿಂದ ದಿನವೂ ದೂರ ಓಡಾಡುವವರು ಇಂಜೆಕ್ಷನ್ ಗಾಡಿ ಕೊಳ್ಳುವುದು ಒಳ್ಳೆಯದು. ತೋಟ, ಪೇಟೆಗಷ್ಟೇ ಬಳಸುವವರು ಹಳೆಯದನ್ನು ಮಾರಬೇಕಾಗಿಲ್ಲ. ಆದರೆ ಮಳೆಗಾಲಕ್ಕೆ ಮುಂಚೆ ರಬ್ಬರ್ ಪೈಪು, ಪಂಪಿನ ಡಯಾಫ್ರಂ ಬದಲಿಸಿರಿ. ಬಲ್ಲ ಮೇಸ್ತ್ರಿಯಿಂದ ಜೆಟ್, ಮಿಶ್ರಣ ಸರಿಪಡಿಸಿಕೊಳ್ಳಿರಿ. ಟ್ಯಾಂಕು ತುಂಬಿಡಿರಿ, ವಾರಕ್ಕೊಮ್ಮೆ ಓಡಿಸಿರಿ. ಪೆಟ್ರೋಲ್ ವಾಸನೆ ಬಂದರೆ ಮಾತ್ರ ಒಂದು ದಿನವೂ ತಡಮಾಡಬೇಡಿರಿ; ಸೋರುವ ಪೈಪಿನಿಂದ ಗಾಡಿಯೇ ಉರಿದೀತು.

ನಾನು ನನ್ನ ಕಾರನ್ನು ಉಳಿಸಿಕೊಂಡಿದ್ದೇನೆ. ಡಿಕ್ಕಿಯಲ್ಲಿ ಒಂದು ಹಳೆಯ ಪಂಚೆ, ಒಂದು ಕ್ಯಾನು ನೀರು ಸದಾ ಇರುತ್ತವೆ.

— ಕಾರ್ಯದರ್ಶಿ