ಹೆಗಲ ಮೇಲೆ ಹೆಣ, ಕಂತಿಗೊಂದು ಕಥೆ

ಸತ್ತವರು ಎದ್ದು ನಡೆದಾಡುವ ಒಂದೇ ಕಲ್ಪನೆಯ ಮೇಲೆ ಅಮೆರಿಕದ ಎಎಂಸಿ ವಾಹಿನಿ ಹನ್ನೆರಡು ವರ್ಷ ಬದುಕಿತು ಎಂದರೆ ಅತಿಶಯೋಕ್ತಿಯೇನಲ್ಲ. 2010ರ ಅಕ್ಟೋಬರಿನಲ್ಲಿ ಆರಂಭವಾದ 'ದಿ ವಾಕಿಂಗ್ ಡೆಡ್' ಧಾರಾವಾಹಿ 2022ರ ನವೆಂಬರಿನಲ್ಲಿ ಮುಗಿಯುವ ಹೊತ್ತಿಗೆ 177 ಕಂತುಗಳನ್ನು ದಾಟಿತ್ತು. ಮೊದಲಿನಿಂದ ನೋಡದವರಿಗೆ ನಡುವೆ ಪ್ರವೇಶವಿಲ್ಲ. ಯಾರು ಯಾರ ಮಗ, ಯಾರು ಯಾರನ್ನು ಕೊಂದ ಎಂಬ ಲೆಕ್ಕವನ್ನೇ ಇಡಲಾಗದು. ಹಾಗಾಗಿಯೇ ಇರಬೇಕು, 2022ರ ಆಗಸ್ಟ್‌ನಲ್ಲಿ ಅದೇ ಸಂಸ್ಥೆ 'ಟೇಲ್ಸ್ ಆಫ್ ದಿ ವಾಕಿಂಗ್ ಡೆಡ್' ಎಂಬ ಮತ್ತೊಂದು ಸರಣಿಯನ್ನು ತಂದಿತು. ಆರೇ ಕಂತು. ಪ್ರತಿ ಕಂತಿಗೂ ಬೇರೆ ಪಾತ್ರ, ಬೇರೆ ಊರು, ಬೇರೆ ಕಥೆ. ಒಂದನ್ನು ನೋಡಲು ಇನ್ನೊಂದನ್ನು ನೋಡಿರಬೇಕಾಗಿಲ್ಲ. ಎಲ್ಲಕ್ಕೂ ಸಮಾನವಾದದ್ದು ಹೆಣಗಳು ಮಾತ್ರ.

ಆ ಆರರಲ್ಲಿ ಒಂದರ ನಾಯಕ ಪ್ರಕೃತಿ ವಿಜ್ಞಾನಿ. ನಡೆದಾಡುವ ಹೆಣಗಳನ್ನು ಆತ ಕಾಡುಪ್ರಾಣಿಗಳಂತೆ ಅಭ್ಯಾಸ ಮಾಡುತ್ತಾನೆ. ಅವುಗಳಿಗಿಂತ ಬದುಕಿರುವ ಮನುಷ್ಯರೇ ಅವನಿಗೆ ಉಪದ್ರವ. ಇನ್ನೊಂದರಲ್ಲಿ ವಿಮಾ ಕಚೇರಿಯ ಮೇಲಧಿಕಾರಿಣಿ ಮತ್ತು ಆಕೆಯ ಕೈಕೆಳಗಿನ ನೌಕರಳು ಒಂದೇ ದಿನದಲ್ಲಿ ಸಿಕ್ಕಿಕೊಂಡು ಮತ್ತೆ ಮತ್ತೆ ಸಾಯುತ್ತಾರೆ. ಪರಸ್ಪರ ಜಗಳ ನಿಲ್ಲುವವರೆಗೆ ಬಿಡುಗಡೆಯಿಲ್ಲ. ಮತ್ತೊಂದರಲ್ಲಿ ನೆನಪು ಕಳೆದುಕೊಂಡವನೊಬ್ಬ ಎಚ್ಚರಗೊಂಡಾಗ ಅವನ ಕೈಗೆ ಹೆಣವೊಂದರ ಕೈಯನ್ನು ಕೋಳದಿಂದ ಬಿಗಿಯಲಾಗಿರುತ್ತದೆ, ತಲೆಯ ಮೇಲೆ ಕೊಲೆಯ ಆರೋಪವಿರುತ್ತದೆ. ಹೆಣವನ್ನು ಕಟ್ಟಿಕೊಂಡು ನಡೆಯುತ್ತ, ತಪ್ಪು ಯಾರದು ಎಂದು ಬಿಡಿಸಬೇಕಾದ ಮನುಷ್ಯ!

ಈ ಚಿತ್ರ ಕನ್ನಡದ ಓದುಗರಿಗೆ ಹೊಸದಲ್ಲ. 'ಚಂದಮಾಮ'ದ ಪುಟಗಳಲ್ಲಿ ಹೆಗಲ ಮೇಲೆ ಶವ, ಕೈಯಲ್ಲಿ ಖಡ್ಗ ಹಿಡಿದ ರಾಜ ದಶಕಗಳ ಕಾಲ ತಿಂಗಳು ತಪ್ಪದೆ ನಡೆದಿದ್ದಾನೆ.

ಶವದೊಳಗಿನ ಕಥೆಗಾರ

ಬೇತಾಳ ಎಂದರೆ ದೆವ್ವ ಎಂದು ಸಾಮಾನ್ಯವಾಗಿ ಹೇಳಿಬಿಡುತ್ತೇವೆ. ಅದು ಪೂರ್ತಿ ಸರಿಯಲ್ಲ. ದೆವ್ವ ಸತ್ತವನದೇ ಆತ್ಮ. ಬೇತಾಳ ಹಾಗಲ್ಲ, ಅದು ಯಾರದೋ ಹೆಣದೊಳಗೆ ಹೊಕ್ಕು ಕುಳಿತ ಬೇರೆಯೇ ಶಕ್ತಿ. ಹೆಣ ಅದಕ್ಕೆ ಬಾಡಿಗೆ ಮನೆ. ಪಶ್ಚಿಮದ 'ಜೋಂಬಿ' ಇದಕ್ಕೆ ತದ್ವಿರುದ್ಧ. ಅದು ಒಳಗೆ ಯಾರೂ ಇಲ್ಲದ ದೇಹ. ಕೆರಿಬಿಯನ್ ಸಮುದ್ರದ ಹೈಟಿ ದೇಶದಲ್ಲಿ ಈ ನಂಬಿಕೆ ಬೆಳೆದದ್ದು ಫ್ರೆಂಚರ ಕಬ್ಬಿನ ತೋಟಗಳಲ್ಲಿ ದುಡಿದು ಸತ್ತ ಆಫ್ರಿಕನ್ ಗುಲಾಮರ ನಡುವೆ. ಸತ್ತ ಮೇಲೂ ಮಾಂತ್ರಿಕನೊಬ್ಬ ತಮ್ಮನ್ನು ಎಬ್ಬಿಸಿ ದುಡಿಸಿಕೊಂಡರೆ ಗತಿಯೇನು ಎಂಬುದು ಅವರ ಭಯ. ಅಲ್ಲಿ ಜೋಂಬಿಯನ್ನು ಕಂಡು ಹೆದರುವುದಕ್ಕಿಂತ ತಾನೇ ಜೋಂಬಿಯಾದೇನು ಎಂಬ ಹೆದರಿಕೆ ದೊಡ್ಡದು. 1929ರಲ್ಲಿ ಪ್ರಕಟವಾದ ವಿಲಿಯಂ ಸೀಬ್ರೂಕ್ ಅವರ ಪ್ರವಾಸ ಕಥನ ಈ ಶಬ್ದವನ್ನು ಅಮೆರಿಕದ ಓದುಗರಿಗೆ ಪರಿಚಯಿಸಿತು. 1932ರಲ್ಲಿ 'ವೈಟ್ ಜೋಂಬಿ' ಚಲನಚಿತ್ರ ಬಂತು. ಮನುಷ್ಯರನ್ನು ಕಚ್ಚಿ ತಿನ್ನುವ, ಹಿಂಡುಹಿಂಡಾಗಿ ಬರುವ ಇಂದಿನ ರೂಪವನ್ನು ಕೊಟ್ಟವರು 1968ರ 'ನೈಟ್ ಆಫ್ ದಿ ಲಿವಿಂಗ್ ಡೆಡ್' ಚಿತ್ರದ ನಿರ್ದೇಶಕ ಜಾರ್ಜ್ ರೊಮೆರೊ.

ಜೋಂಬಿಗೆ ಮಾತಿಲ್ಲ. ಬೇತಾಳಕ್ಕೋ ಮಾತೇ ಬಂಡವಾಳ.

ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವ ಸಂಸ್ಕೃತದಲ್ಲಿ ರಚಿಸಿದ 'ಕಥಾಸರಿತ್ಸಾಗರ'ದಲ್ಲಿ ಬೇತಾಳನ ಇಪ್ಪತ್ತೈದು ಕಥೆಗಳು ಸೇರಿವೆ. ರಾಜನ ಹೆಸರು ಅಲ್ಲಿ ತ್ರಿವಿಕ್ರಮಸೇನ; ರಾಜಧಾನಿ ಗೋದಾವರಿ ತೀರದ ಪ್ರತಿಷ್ಠಾನ, ಅಂದರೆ ಇಂದಿನ ಮಹಾರಾಷ್ಟ್ರದ ಪೈಠಣ. ಕ್ಷಾಂತಿಶೀಲನೆಂಬ ಸನ್ಯಾಸಿ ನಿತ್ಯವೂ ರಾಜನಿಗೆ ಒಂದು ಹಣ್ಣು ಕೊಡುತ್ತಾನೆ. ಒಂದು ದಿನ ಹಣ್ಣು ಒಡೆದಾಗ ಒಳಗೆ ರತ್ನ! ಋಣಕ್ಕೆ ಬಿದ್ದ ರಾಜ ಕೃಷ್ಣಪಕ್ಷದ ಚತುರ್ದಶಿಯ ರಾತ್ರಿ ಸ್ಮಶಾನಕ್ಕೆ ಹೋಗಿ, ಶಿಂಶಪಾ ಮರಕ್ಕೆ ತೂಗುಬಿದ್ದ ಹೆಣವನ್ನು ಇಳಿಸಿ ತರಲು ಒಪ್ಪುತ್ತಾನೆ. ದಾರಿಯಲ್ಲಿ ಹೆಣ ಕಥೆ ಹೇಳುತ್ತದೆ, ಕೊನೆಗೊಂದು ಪ್ರಶ್ನೆ ಕೇಳುತ್ತದೆ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಿಡಿದು ಹೋಳಾಗುತ್ತದೆ. ಹೇಳಿದರೆ ಮೌನ ಮುರಿದಂತಾಗಿ ಹೆಣ ಮರಳಿ ಮರಕ್ಕೆ.

ಬಿಡಿ ಕಂತುಗಳ ಕಥಾಮಾಲೆಗೆ ಇದಕ್ಕಿಂತ ಅಚ್ಚುಕಟ್ಟಾದ ಯಂತ್ರವನ್ನು ಇಂದಿನ ಕಿರುತೆರೆಯವರೂ ಕಂಡುಹಿಡಿದಿಲ್ಲ. ಕಥೆ ಮುಗಿಯಬೇಕು, ಆದರೆ ಪ್ರಯಾಣ ಮುಗಿಯಬಾರದು. ಕೇಳುಗ ಇವತ್ತು ಬಂದರೂ ಸರಿ, ಹತ್ತನೆಯ ರಾತ್ರಿ ಬಂದರೂ ಸರಿ. ಹೆಣ, ಹೆಗಲು, ಮರ ಇಷ್ಟು ತಿಳಿದರೆ ಸಾಕು. 1947ರಲ್ಲಿ ತೆಲುಗು, ತಮಿಳಿನಲ್ಲಿ ಆರಂಭವಾಗಿ 1949ರಲ್ಲಿ ಕನ್ನಡಕ್ಕೆ ಬಂದ 'ಚಂದಮಾಮ' ಈ ಯಂತ್ರವನ್ನು ಎಷ್ಟು ಚೆನ್ನಾಗಿ ಅರಿತಿತ್ತೆಂದರೆ, ಮೂಲದ ಇಪ್ಪತ್ತೈದು ಕಥೆಗಳು ತೀರಿದ ಮೇಲೂ ಹೊಸ ಕಥೆಗಳನ್ನು ಹೊಸೆದು ಬೇತಾಳನ ಬಾಯಿಗೆ ಹಾಕಿತು. ಆ ಹೆಣ ಹೊತ್ತ ರಾಜನ ಚಿತ್ರ ಬಿಡಿಸಿದ ಕಲಾವಿದ ಶಂಕರ್ 2020ರಲ್ಲಿ ತೀರಿಕೊಂಡಾಗ ದಕ್ಷಿಣ ಭಾರತದ ಅನೇಕ ಮನೆಗಳಲ್ಲಿ ಹಳೆಯ ಸಂಚಿಕೆಗಳ ನೆನಪಾಯಿತು.

ಹಾಗೆಂದು ಇವು ಮಕ್ಕಳ ಕಥೆಗಳು ಮಾತ್ರವಲ್ಲ. ನಾಲ್ವರು ಸಹೋದರರ ಕಥೆಯನ್ನೇ ನೋಡಿ. ಕಾಡಿನಲ್ಲಿ ಮೂಳೆ ಸಿಗುತ್ತದೆ. ಒಬ್ಬ ಅಸ್ಥಿಪಂಜರ ಜೋಡಿಸುತ್ತಾನೆ, ಒಬ್ಬ ಮಾಂಸ ತುಂಬುತ್ತಾನೆ, ಒಬ್ಬ ಚರ್ಮ ಹೊದಿಸುತ್ತಾನೆ, ನಾಲ್ಕನೆಯವನು ಜೀವ ಕೊಡುತ್ತಾನೆ. ಎದ್ದದ್ದು ಸಿಂಹ, ನಾಲ್ವರನ್ನೂ ತಿಂದುಹಾಕುತ್ತದೆ. ಪಾಪ ಯಾರದು? ಉಳಿದವರಿಗೆ ಅದು ಯಾವ ಪ್ರಾಣಿ ಎಂದು ತಿಳಿದಿರಲಿಲ್ಲ, ಸಿಂಹವೆಂದು ಕಣ್ಣೆದುರು ಕಂಡ ಮೇಲೂ ಜೀವ ಕೊಟ್ಟವನದೇ ಪಾಪ ಎಂಬುದು ರಾಜನ ತೀರ್ಪು. ಪ್ರಯೋಗಶಾಲೆಯಿಂದ ಸೋಂಕು ಹೊರಬಿದ್ದು ಹೆಣಗಳೇಳುವ ಇಂದಿನ ಸಿನಿಮಾಗಳೆಲ್ಲ ಈ ಪ್ರಶ್ನೆಯ ಸುತ್ತಲೇ ತಿರುಗುತ್ತವೆ. ಉತ್ತರ ಕೊಡುವ ಧೈರ್ಯ ಮಾತ್ರ ಕಡಿಮೆ.

ಇನ್ನೊಂದು ಕಥೆಯಲ್ಲಿ ಸತ್ತ ಗಂಡನ ತಲೆ ಮತ್ತು ಸತ್ತ ಅಣ್ಣನ ತಲೆಯನ್ನು ಹೆಣ್ಣೊಬ್ಬಳು ಗಾಬರಿಯಲ್ಲಿ ಅದಲುಬದಲಾಗಿ ಜೋಡಿಸುತ್ತಾಳೆ, ಇಬ್ಬರೂ ಎದ್ದು ಕೂರುತ್ತಾರೆ. ಗಂಡ ಯಾರು? ತಲೆ ಅಂಗಗಳಲ್ಲೆಲ್ಲ ಶ್ರೇಷ್ಠ, ಆದ್ದರಿಂದ ಗಂಡನ ತಲೆಯಿರುವವನೇ ಗಂಡ ಎಂದು ರಾಜ ಹೇಳಿ ಮುಗಿಸುತ್ತಾನೆ. ಜರ್ಮನ್ ಕಾದಂಬರಿಕಾರ ಥಾಮಸ್ ಮನ್ ಇದನ್ನು 1940ರಲ್ಲಿ ತನ್ನದಾಗಿಸಿಕೊಂಡು, ಅಣ್ಣನ ಜಾಗದಲ್ಲಿ ಗೆಳೆಯನನ್ನು ತಂದ. ಗಿರೀಶ ಕಾರ್ನಾಡರು 1971ರ 'ಹಯವದನ'ದಲ್ಲಿ ಅದೇ ಜಾಡು ಹಿಡಿದು, ರಾಜನ ಉತ್ತರದ ನಂತರ ಆ ಹೆಂಡತಿ ಹೇಗೆ ಬದುಕಿದಳು ಎಂದು ಕೇಳಿದರು. ಕನ್ನಡ ರಂಗಭೂಮಿಗೆ ಬೇತಾಳ ಕೊಟ್ಟ ಕೊಡುಗೆ ಇದು.

ಹಳ್ಳಿಗೆ ಬಂದ ಪೆಟ್ಟಿಗೆ

ವಿಜಯಪುರ ಜಿಲ್ಲೆಗೂ ಕಿರುತೆರೆಗೂ ಇರುವ ನಂಟು ಬಹಳ ಜನರಿಗೆ ಮರೆತುಹೋಗಿದೆ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ತೆರೆದದ್ದು 1981ರಲ್ಲಿ. ಅದಕ್ಕೂ ಆರು ವರ್ಷ ಮೊದಲೇ, 1975ರ ಆಗಸ್ಟ್‌ನಿಂದ ಒಂದು ವರ್ಷ, ಅಂದಿನ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಆಯ್ದ ಹಳ್ಳಿಗಳಲ್ಲಿ ಟೀವಿ ಪೆಟ್ಟಿಗೆಗಳನ್ನು ಇಡಲಾಗಿತ್ತು. ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ದೇಶದ ಆರು ರಾಜ್ಯಗಳ 2400 ಹಳ್ಳಿಗಳಿಗೆ ಕಾರ್ಯಕ್ರಮ ಕಳಿಸಿದ 'ಸೈಟ್' ಪ್ರಯೋಗ ಅದು. ಕೃಷಿ, ಆರೋಗ್ಯ, ಶಿಕ್ಷಣ ಅದರ ಉದ್ದೇಶ. ಬೇತಾಳಕ್ಕೆ ಅಲ್ಲಿ ಜಾಗವಿರಲಿಲ್ಲ. ರಾಜಧಾನಿಯವರಿಗಿಂತ ಮೊದಲು ಬರಗಾಲದ ಜಿಲ್ಲೆಯ ರೈತರು ಟೀವಿ ಕಂಡರು ಎಂಬುದು ಮಾತ್ರ ಸತ್ಯ.

ಬೇತಾಳ ಪೆಟ್ಟಿಗೆಯೊಳಗೆ ಬಂದದ್ದು 1985ರಲ್ಲಿ. ರಾಮಾನಂದ ಸಾಗರ್ ಅವರ 'ವಿಕ್ರಮ್ ಔರ್ ಬೇತಾಲ್' ದೂರದರ್ಶನದಲ್ಲಿ ಭಾನುವಾರ ಪ್ರಸಾರವಾಯಿತು. ವಿಕ್ರಮನಾಗಿ ಅರುಣ್ ಗೋವಿಲ್, ಬಿಳಿ ಕೂದಲಿನ ಬೇತಾಳನಾಗಿ ಸಜ್ಜನ್. ಪ್ರತಿ ವಾರ ಹೊಸ ಕಥೆಯಾದರೂ ನಟರ ತಂಡ ಹಳೆಯದೇ. ಹೋದ ವಾರದ ರಾಜಕುಮಾರಿ ಈ ವಾರ ಬೇರೆ ಊರಿನ ಬೇರೆ ಹೆಣ್ಣು. ಬಿಡಿ ಕಂತುಗಳ ಸರಣಿಗೆ ಇದೊಂದು ಅಗ್ಗದ ಅನುಕೂಲ. ಅದೇ ತಂಡದ ಹಲವರು 1987ರಲ್ಲಿ 'ರಾಮಾಯಣ'ದಲ್ಲಿ ರಾಮ, ಸೀತೆ, ಲಕ್ಷ್ಮಣರಾದರು. ಈ ನಡುವೆ ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ 'ಮಾಲ್ಗುಡಿ ಡೇಸ್' ಬಂತು. ಅಲ್ಲಿ ಹೆಣವಿಲ್ಲ, ಆದರೆ ವಾರಕ್ಕೊಂದು ಕಥೆಯ ರುಚಿಯನ್ನು ಕನ್ನಡಿಗರಿಗೆ ಹತ್ತಿಸಿದ್ದು ಅದೇ. 1990ರ ದಶಕದಲ್ಲಿ ಉಪಗ್ರಹ ವಾಹಿನಿಗಳ 'ಜೀ ಹಾರರ್ ಶೋ', 'ಆಹಟ್' ಬಂದ ಮೇಲೆ ಭಯವೇ ಮುಖ್ಯವಾಗಿ ಪ್ರಶ್ನೆ ಹಿಂದೆ ಸರಿಯಿತು. ಬಾಗಿಲು ಕಿರ್ರೆನ್ನುವುದು ಹೆಚ್ಚಾಯಿತು, ಪಾಪ ಯಾರದು ಎಂದು ಕೇಳುವುದು ಕಡಿಮೆಯಾಯಿತು. 2020ರಲ್ಲಿ ನೆಟ್‌ಫ್ಲಿಕ್ಸ್ ತಂದ ನಾಲ್ಕು ಕಂತಿನ 'ಬೇತಾಳ್' ಹೆಸರಿಗಷ್ಟೇ ಬೇತಾಳ. ಒಳಗಿರುವುದು ಈಸ್ಟ್ ಇಂಡಿಯಾ ಕಂಪನಿಯ ಕೆಂಪು ಅಂಗಿ ತೊಟ್ಟ ಹೆಣಗಳ ಪಡೆ.

ಅರವತ್ತು ಗೋರಿಗಳ ಪ್ರಶ್ನೆ

ವಿಜಯಪುರಕ್ಕೆ ಹೊರಗಿನ ಬೇತಾಳ ಬೇಕಾಗಿಯೂ ಇಲ್ಲ. ನಗರದ ಪಶ್ಚಿಮಕ್ಕೆ, ತೊರವಿ, ತಿಕೋಟಾ ಕಡೆಗೆ ಹೋಗುವ ಭಾಗದಲ್ಲಿ, ಮುಖ್ಯ ರಸ್ತೆಯಿಂದ ಒಳಗೆ, ಒಂದು ಕಟ್ಟೆಯ ಮೇಲೆ ಸಾಲುಸಾಲಾಗಿ ಗೋರಿಗಳಿವೆ. ಒಂದೇ ಅಳತೆ, ಒಂದೇ ವಿನ್ಯಾಸ. ಮೇಲ್ಭಾಗ ಚಪ್ಪಟೆಯಾಗಿರುವುದರಿಂದ ಇವು ಹೆಂಗಸರ ಗೋರಿಗಳೆಂದು ತಿಳಿಯುತ್ತದೆ. ಜನರ ಬಾಯಲ್ಲಿ ಇದು 'ಸಾಠ್ ಕಬರ್'. ಸಾಠ್ ಎಂದರೆ ಅರವತ್ತು. ಎಣಿಸಿದರೆ ಅರವತ್ತಕ್ಕಿಂತ ತುಸು ಹೆಚ್ಚೇ ಇವೆ.

ಐತಿಹ್ಯ ಇಷ್ಟು: 1659ರಲ್ಲಿ ಆದಿಲ್‌ಶಾಹಿ ಸೇನಾನಿ ಅಫ್ಜಲ್ ಖಾನ್ ಶಿವಾಜಿಯ ಮೇಲೆ ದಂಡೆತ್ತಿ ಹೊರಟ. ನೀನು ಮರಳಿ ಬರಲಾರೆ ಎಂದು ಜ್ಯೋತಿಷಿಗಳು ಹೇಳಿದರು. ತಾನು ಸತ್ತ ಮೇಲೆ ಹೆಂಡಂದಿರು ಪರರ ಪಾಲಾಗಬಾರದೆಂದು ಅವರನ್ನೆಲ್ಲ ಒಬ್ಬೊಬ್ಬರಾಗಿ ಬಾವಿಗೆ ನೂಕಿಸಿದ. ಹೆಣಗಳನ್ನು ತೆಗೆಸಿ ಸಾಲಾಗಿ ಹೂಳಿಸಿದ. ಆ ವರ್ಷ ನವೆಂಬರ್ 10ರಂದು ಪ್ರತಾಪಗಡದ ಬುಡದಲ್ಲಿ ಶಿವಾಜಿಯ ಕೈಯಲ್ಲಿ ಖಾನ್ ಸತ್ತದ್ದು ಇತಿಹಾಸ. ಬಾವಿಯ ಕಥೆ ಜನಶ್ರುತಿ. 1916ರಲ್ಲಿ ಬಿಜಾಪುರದ ಕಟ್ಟಡಗಳ ಮೇಲೆ ಬೃಹತ್ ಗ್ರಂಥ ಪ್ರಕಟಿಸಿದ ಪುರಾತತ್ವ ಇಲಾಖೆಯ ಹೆನ್ರಿ ಕಸಿನ್ಸ್ ಕೂಡ ಅದನ್ನು ಜನಶ್ರುತಿಯಾಗಿಯೇ ದಾಖಲಿಸಿದರು.

ಜ್ಯೋತಿಷಿಗಳ ಮಾತು ಕಥೆಯೊಳಗೆ ಬಂದದ್ದು ಆಕಸ್ಮಿಕವೆನ್ನಲಾಗದು. ಆದಿಲ್‌ಶಾಹಿ ಆಸ್ಥಾನದಲ್ಲಿ ಅದು ಗಂಭೀರ ವಿದ್ಯೆ. 1570ರಲ್ಲಿ, ಒಂದನೆಯ ಅಲಿ ಆದಿಲ್ ಶಾಹನ ಕಾಲದಲ್ಲಿ, ಇದೇ ನಗರದಲ್ಲಿ ಸಿದ್ಧವಾದ 'ನುಜೂಮ್-ಅಲ್-ಉಲೂಮ್' ಎಂಬ ಸಚಿತ್ರ ಹಸ್ತಪ್ರತಿ ಈಗ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಗ್ರಹ, ರಾಶಿಗಳ ಜೊತೆಗೆ ಭೂಮಿಯನ್ನು ಆಳುವ 'ರೂಹಾನಿ' ಎಂಬ ಅತೀಂದ್ರಿಯ ಸ್ತ್ರೀಶಕ್ತಿಗಳ ವರ್ಣಚಿತ್ರಗಳು ಅದರಲ್ಲಿವೆ. ಸುಲ್ತಾನನೇ ನಕ್ಷತ್ರ ನೋಡುತ್ತಿದ್ದ ಊರಿನಲ್ಲಿ ಸೇನಾನಿಯೂ ನಂಬಿರಬೇಕು ಎಂದು ಜನ ಭಾವಿಸಿದ್ದು ಸಹಜ.

ಈಚಿನ ವರ್ಷಗಳಲ್ಲಿ ತಾಲ್ಲೂಕು ಕೇಂದ್ರಗಳಾದ ತಿಕೋಟಾ, ಬಬಲೇಶ್ವರದ ಕಡೆಗೂ 'ದೆವ್ವದ ಕತಿ'ಗೆ ಬರವಿಲ್ಲ. ಹಾಳುಬಾವಿ, ಹುಣಸೆಮರ, ಅಮಾಸಿ ರಾತ್ರಿ. ಪ್ರತಿಯೊಂದೂ ಬಿಡಿ ಕಥೆ, ಒಂದಕ್ಕೊಂದು ಸಂಬಂಧವಿಲ್ಲ, ಕೇಳಿದವನು ಅಲ್ಲಿಗೇ ಎದ್ದು ಹೋಗಬಹುದು. ಸಾಠ್ ಕಬರ್ ಕೂಡ ಈಗ ಆ ಸಾಲಿಗೆ ಸೇರುತ್ತಿದೆ. ರಾತ್ರಿ ಅಲ್ಲಿ ಕೂಗು ಕೇಳುತ್ತದೆ, ಸುಳಿದಾಡುವವರು ಕಾಣುತ್ತಾರೆ ಎಂಬ ಮಾತು, ಮೊಬೈಲ್ ಬಂದ ಮೇಲೆ ವಿಡಿಯೋ ಆಗಿ ಬೇಗ ಹರಡುತ್ತದೆ. ಇದರಲ್ಲಿ ಒಂದು ಅನ್ಯಾಯವಿದೆ. ಐತಿಹ್ಯ ನಿಜವಾಗಿದ್ದರೆ ಇಲ್ಲಿ ಮಲಗಿರುವವರು ಕೊಲೆಯಾದವರು. ಹೆದರಿಸಬೇಕಾದವರ ಪಟ್ಟಿಯಲ್ಲಿ ಅವರ ಹೆಸರು ಸೇರುವ ಕಾರಣವಿಲ್ಲ. ಹೆಸರು ಎಂದರೂ ತಪ್ಪೇ. ಕಥೆಯಲ್ಲಿ ಖಾನನ ಹೆಸರಿದೆ, ಶಿವಾಜಿಯ ಹೆಸರಿದೆ, ಅರವತ್ತು ಹೆಂಗಸರಲ್ಲಿ ಒಬ್ಬರದೂ ಇಲ್ಲ.

ಬೇತಾಳನ ಕೈಗೆ ಈ ಕಥೆ ಸಿಕ್ಕಿದ್ದರೆ ಅದು ಕೂಗು, ನೆರಳಿನಲ್ಲಿ ನಿಲ್ಲುತ್ತಿರಲಿಲ್ಲ. ರಾಜನ್, ಹೇಳು: ಪಾಪ ಭವಿಷ್ಯ ನುಡಿದವನದೇ, ನಂಬಿದವನದೇ, ನೂಕಿದ ಆಳುಗಳದೇ, ಸುಮ್ಮನಿದ್ದ ನಗರದ್ದೇ ಎಂದು ಕೇಳುತ್ತಿತ್ತು. ನಾಲ್ವರು ಸಹೋದರರ ಕಥೆಯ ನ್ಯಾಯ ಹಿಡಿದರೆ, ಏನಾಗುವುದೆಂದು ಕಣ್ಣಾರೆ ತಿಳಿದೂ ಮಾಡಿದವನದು. ಆದರೆ ಸೋಮದೇವನ ಕೊನೆಯ ಪ್ರಶ್ನೆಗೆ ರಾಜನಿಗೂ ಉತ್ತರ ಹೊಳೆಯುವುದಿಲ್ಲ. ತಂದೆ ಮಗಳನ್ನೂ ಮಗ ತಾಯಿಯನ್ನೂ ಮದುವೆಯಾದರೆ ಅವರಿಗೆ ಹುಟ್ಟುವ ಮಕ್ಕಳು ಪರಸ್ಪರ ಏನಾಗಬೇಕು ಎಂಬುದು ಆ ಪ್ರಶ್ನೆ. ರಾಜ ಸುಮ್ಮನೆ ನಡೆಯುತ್ತಾನೆ. ಮೆಚ್ಚಿದ ಬೇತಾಳ ಆಗಲೇ ಗುಟ್ಟು ಬಿಡುತ್ತದೆ: ಸನ್ಯಾಸಿ ನಿನ್ನನ್ನೇ ಬಲಿ ಕೊಡುವವನಿದ್ದಾನೆ, ನಮಸ್ಕರಿಸು ಎಂದಾಗ ಹೇಗೆಂದು ತೋರಿಸು ಎನ್ನು, ಅವನು ಬಗ್ಗಿದಾಗ ತಲೆ ಕಡಿ.

ಅಫ್ಜಲ್ ಖಾನ್ ತನಗಾಗಿ ಬದುಕಿದ್ದಾಗಲೇ ನಗರದ ಹೊರಗೆ ಸಮಾಧಿ ಕಟ್ಟಿಸತೊಡಗಿದ್ದ. ಅದು ಪೂರ್ತಿಯಾಗಲಿಲ್ಲ, ಅವನನ್ನು ಹೂಳಿದ್ದು ಪ್ರತಾಪಗಡದ ಬುಡದಲ್ಲಿ. ಸಾಠ್ ಕಬರ್‌ನ ಸಾಲಿನಲ್ಲೂ ಒಂದು ಗೋರಿ ತೆರೆದೇ ಉಳಿದಿದೆ. ತಪ್ಪಿಸಿಕೊಂಡವಳೊಬ್ಬಳಿಗೆ ತೋಡಿದ್ದು ಅದು ಎನ್ನುತ್ತಾರೆ ಊರವರು.